ಎಸಿ ಹಾಕಿದರೆ ಮುಳ್ಳು ಏರುತ್ತದೆ: ಹಳೇ ಆಲ್ಟೊ ಇಟ್ಟುಕೊಳ್ಳಲೋ, ಮಾರಲೋ?

ಪ್ರಶ್ನೆ: ನಾನು ವಿಜಯಪುರದವಳು, ದಿನಾ ಬಸವನ ಬಾಗೇವಾಡಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಅಪ್ಪಾಜಿ ಇಟ್ಟುಕೊಂಡಿದ್ದ 2011ರ ಪೆಟ್ರೋಲ್ ಆಲ್ಟೊ ಈಗ ನನ್ನ ಕೈಗೆ ಬಂದಿದೆ. 96 ಸಾವಿರ ಕಿ.ಮೀ. ಓಡಿದೆ. ಬೇಸಿಗೆ ಶುರುವಾದಾಗಿನಿಂದ ಎಸಿ ಹಾಕಿಕೊಂಡು ಗಾಂಧಿ ಚೌಕದ ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಊರು ದಾಟಿ ಹೈವೇ ಹತ್ತಿದರೆ ತಾನೇ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಇಂಜಿನ್ ಬಿಚ್ಚಬೇಕು, 30 ಸಾವಿರ ಆಗುತ್ತದೆ ಎಂದರು. ಮನೆಯಲ್ಲೇ ಏನೇನು ನೋಡಿಕೊಳ್ಳಬಹುದು? ಅಥವಾ ಬಂದಷ್ಟಕ್ಕೆ ಮಾರಿಬಿಡಲೇ?

ಉತ್ತರ: ಮಾರಬೇಡಿ ಮೇಡಂ. ಇಂಜಿನ್ನೂ ಬಿಚ್ಚಿಸಬೇಡಿ, ಸದ್ಯಕ್ಕಂತೂ ಬೇಡ. ಹೈವೇ ಹತ್ತಿದರೆ ಮುಳ್ಳು ತಾನೇ ಇಳಿಯುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

ಕಾರು ಓಡುವಾಗ ಎದುರುಗಾಳಿ ಇಂಜಿನ್ನಿನ ನೀರು ತಣ್ಣಗಾಗಿಸುವ ರೇಡಿಯೇಟರ್ ಮೂಲಕ ನುಗ್ಗುತ್ತದೆ, ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ. ನಿಂತಾಗ ಗಾಳಿ ಎಳೆದುಕೊಡಬೇಕಾದದ್ದು ಫ್ಯಾನ್. ಹಾಗಾಗಿ ನಿಂತಾಗ ಮಾತ್ರ ಬಿಸಿಯಾಗಿ ಓಡಿದಾಗ ತಣ್ಣಗಾಗುತ್ತದೆ ಅಂದರೆ ಗಾಳಿಯ ತೊಂದರೆ: ಫ್ಯಾನ್ ಸರಿಯಾಗಿ ತಿರುಗುತ್ತಿಲ್ಲ, ಇಲ್ಲವೇ ರೇಡಿಯೇಟರ್ ಜಾಳಿಗೆ ಧೂಳು ಮೆತ್ತಿಕೊಂಡಿದೆ. ಇದಕ್ಕೆ ಉಲ್ಟಾ, ಊರೊಳಗೆ ಸುಮ್ನೆ ಇದ್ದು ಹೈವೇಯಲ್ಲಿ ಎಂಬತ್ತರಲ್ಲಿ ಹೋಗುವಾಗ ಬಿಸಿಯಾದರೆ ನೀರಿನ ತೊಂದರೆ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುತ್ತದೆ, ಅಥವಾ ಬಿಸಿಗೆ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಪೂರ್ತಿ ತೆರೆಯುತ್ತಿಲ್ಲ, ಅಥವಾ ವಾಟರ್ ಪಂಪ್ ಸೋತಿದೆ. ಎರಡು ಕಡೆಯೂ ಬಿಸಿಯಾಗಿ ಕೂಲಂಟ್ (ರೇಡಿಯೇಟರಿನಲ್ಲಿ ಸುತ್ತುವ ದ್ರವ) ಕೂಡ ದಿನಾ ಕಡಿಮೆಯಾಗುತ್ತಿದ್ದರೆ ಆಗ ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು, ಇಂಜಿನ್ ಬಿಚ್ಚುವ ಮಾತು ಅಲ್ಲಿಂದ ಶುರು. ನಿಮ್ಮದು ಮೊದಲನೇ ಜಾತಿ. ಫ್ಯಾನ್ ನೋಡದೆ ಇಂಜಿನ್ ಬಿಚ್ಚಲು ಹೊರಟವರಿಗೆ ಸುಮ್ನೆ ನಮಸ್ಕಾರ ಹೇಳಿ ಬನ್ನಿ.

ಮೊದಲು ಫ್ಯಾನ್. ಸಂಜೆ ತಂಪು ಹೊತ್ತಿನಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ. ಎಸಿ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಮುಂದೆ ಫ್ಯಾನ್ ತಿರುಗುವ ಸದ್ದು ಬರಬೇಕು. ಆಮೇಲೆ ಎಸಿ ಆಫ್ ಮಾಡಿ ಹಾಗೇ ಓಡಲು ಬಿಡಿ. ಮುಳ್ಳು ನಡುವಿಗೆ ಬಂದು ಸ್ವಲ್ಪ ಮೇಲೆ ಹೋಗುತ್ತಿದ್ದಂತೆ ಫ್ಯಾನ್ ತಾನೇ ಶುರುವಾಗಿ, ಮುಳ್ಳು ಇಳಿದ ಮೇಲೆ ತಾನೇ ನಿಲ್ಲಬೇಕು. ಮುಳ್ಳು ಕೆಂಪಿನ ಕಡೆ ಹೊರಟರೂ ಫ್ಯಾನ್ ಮಿಸುಕದಿದ್ದರೆ ತಕ್ಷಣ ಇಂಜಿನ್ ಆಫ್ ಮಾಡಿ. ಕಳ್ಳ ಸಿಕ್ಕ ಅಂತಲೇ ಲೆಕ್ಕ.

ಮುಂದೆ ನೋಡಬೇಕಾದದ್ದು ಫ್ಯೂಸು. ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಎಲ್ಲಿದೆ ಅಂತ ಚಿತ್ರ ಇರುತ್ತದೆ. ಫ್ಯಾನಿನ ಫ್ಯೂಸ್ ಎಳೆದು ಬೆಳಕಿಗೆ ಹಿಡಿದು ನೋಡಿ, ಒಳಗಿನ ತಂತಿ ಕಡಿದಿದ್ದರೆ ಗೊತ್ತಾಗುತ್ತದೆ. ಅದೇ ಆಂಪಿಯರ್‌ನದ್ದೇ ಹಾಕಿ, ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರು ಸುಡುತ್ತದೆ. ಫ್ಯೂಸ್ ಚೆನ್ನಾಗಿದ್ದರೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್. ಅದೇ ನಂಬರ್ ಇರುವ ಇನ್ನೊಂದು ರಿಲೇ ಡಬ್ಬಿಯಲ್ಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಅದೂ ಸರಿ ಇದ್ದರೆ ಮೋಟರ್ ಸರದಿ. ಹಳೇ ಗಾಡಿಗಳಲ್ಲಿ ಫ್ಯಾನ್ ಮೋಟರಿನ ಕಾರ್ಬನ್ ಬ್ರಷ್ ಸವೆದಿರುತ್ತದೆ, ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಕರೆಂಟ್ ಬರುತ್ತಿದ್ದೂ ನಿಂತಿರುವ ಮೋಟರಿನ ಹಿಂಭಾಗಕ್ಕೆ ಉದ್ದನೆಯ ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿ. ಗಕ್ಕನೆ ತಿರುಗಲು ಶುರು ಮಾಡಿತೋ, ಬ್ರಷ್ ಹೋಗಿದೆ ಅಂತ ತಿಳಿಯಿರಿ. ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬ್ರಷ್ ಹಾಕಿಸಬಹುದು, ಇಲ್ಲವೇ ಹೊಸ ಮೋಟರ್. ಎರಡೂ 30 ಸಾವಿರದ ಹತ್ತಿರಕ್ಕೂ ಬರುವುದಿಲ್ಲ.

ಒಂದು ಎಚ್ಚರಿಕೆ. ಈ ಫ್ಯಾನಿಗೆ ಕಣ್ಣಿಲ್ಲ. ಇಂಜಿನ್ ಬಿಸಿ ಇದ್ದಾಗ ಅದು ಯಾವಾಗ ಬೇಕಾದರೂ ತಿರುಗಬಹುದು. ಬೆರಳು, ಓಢಣಿ, ಸೆರಗು, ಬಳೆ ಯಾವುದೂ ಅದರ ಹತ್ತಿರ ಬೇಡ. ಕೈ ಹಾಕಲೇಬೇಕು ಅಂದರೆ ಕೀಲಿ ಜೇಬಿನಲ್ಲಿರಲಿ, ಬ್ಯಾಟರಿಯ ಮೈನಸ್ ಬಿಚ್ಚಿರಲಿ.

ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದರೆ ರೇಡಿಯೇಟರ್ ಜಾಳಿಗೆ ನೋಡಿ. ಎಸಿ ಇರುವ ಗಾಡಿಯಲ್ಲಿ ಮುಂದೆ ಕಾಣುವುದು ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವೆ ಕೂತ ಕಸ ಯಾರಿಗೂ ಕಾಣುವುದಿಲ್ಲ. ನಮ್ಮ ಕಡೆ ಕೇಳಬೇಕೇ? ಎರೆ ಮಣ್ಣಿನ ಧೂಳು, ಹುಳ, ಹತ್ತಿ ಎಳೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗಿ ಹೋಗಿ ಅಂಟಿದ ರವದಿ, ಎಲ್ಲಾ ಅಲ್ಲೇ. ತೊಳೆಯುವುದು ಇಂಜಿನ್ ತಣ್ಣಗಿದ್ದಾಗ, ಸಾದಾ ನಲ್ಲಿ ಪೈಪಿನ ನೀರಿನಿಂದ, ಸಾಧ್ಯವಾದಷ್ಟು ಇಂಜಿನ್ ಕಡೆಯಿಂದ ಹೊರಮುಖವಾಗಿ. ಕಸ ಬಂದ ದಾರಿಯಲ್ಲೇ ವಾಪಸ್ ಹೋಗಬೇಕಲ್ವಾ? ವಾಟರ್ ಸರ್ವಿಸಿಂಗ್‌ನವರ ಪ್ರೆಷರ್ ಗನ್ ಇಲ್ಲಿಗೆ ಬೇಡವೇ ಬೇಡ. ಆ ಅಲ್ಯೂಮಿನಿಯಂ ರೆಕ್ಕೆಗಳು ಹಾಳೆಯಷ್ಟು ತೆಳು, ಒಂದು ಏಟಿಗೆ ಮಲಗಿಬಿಡುತ್ತವೆ, ಆಮೇಲೆ ಗಾಳಿ ಹೋಗುವ ದಾರಿಯೇ ಬಂದ್.

ಇಷ್ಟಕ್ಕೇ ನಿಮ್ಮ ಮುಳ್ಳು ಸರಿಹೋಗುವ ಸಾಧ್ಯತೆ ಜಾಸ್ತಿ. ಆದರೂ ಕೂಲಂಟ್ ಕಥೆ ಪೂರ್ತಿ ಹೇಳಲೇಬೇಕು. ನವನಗರದ ನಮ್ಮ ಶೆಡ್ಡಿಗೆ ಬರುವ ಹಳೇ ಗಾಡಿಗಳನ್ನು ನೋಡಿ ಹೇಳುತ್ತೇನೆ, ವಿಜಯಪುರ-ಬಾಗಲಕೋಟೆ ಕಡೆ ಸಣ್ಣ ಕಾರಿನ ಇಂಜಿನ್ ಓಡಿ ಸವೆಯುವುದಕ್ಕಿಂತ ಮೊದಲು ಸವಳು ನೀರಿಗೆ ಹಾಳಾಗುತ್ತದೆ. ನೀವು ನೀರು ಕಾಯಿಸುವ ಹೀಟರ್ ಕಾಯಿಲ್ ನೋಡಿರುತ್ತೀರಿ, ಬೋರ್ ನೀರಿಗೆ ಬಿಳೀ ಪದರ ಹೇಗೆ ಕಟ್ಟುತ್ತದೆ! ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳ ಒಳಗೂ ಅದೇ ಸುಣ್ಣ ಕೂರುತ್ತದೆ. ಒಮ್ಮೆ ದಾರಿಯಲ್ಲಿ ನೀರು ಕಡಿಮೆಯಾಯಿತು ಅಂತ ಹೋಟೆಲಿನ ಕೊಡದಿಂದ ಎರಡು ತಂಬಿಗೆ ಹಾಕಿದರೆ ಗಾಡಿಯೇನೂ ಸಾಯುವುದಿಲ್ಲ. ಅದನ್ನೇ ವರ್ಷಗಟ್ಟಲೆ ಮಾಡಿದರೆ ಕೊಳವೆ ಕಟ್ಟಿ, ಒಳಗೆ ತುಕ್ಕು ಹಿಡಿದು, ಪಂಪಿನ ಸೀಲ್ ಹೋಗಿ, ಕೊನೆಗೆ ಹೆಡ್ ಗ್ಯಾಸ್ಕೆಟ್‌ವರೆಗೆ ಬರುತ್ತದೆ.

ಕೂಲಂಟ್ ಅಂದರೆ ಬಣ್ಣದ ನೀರು ಅಂತ ಬಹಳ ಜನ ತಿಳಿದಿದ್ದಾರೆ. ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳು. ಸಾದಾ ನೀರು 100 ಡಿಗ್ರಿಗೆ ಕುದಿಯುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ ಸುಮಾರು 107ಕ್ಕೆ. ಅದರ ಮೇಲೆ ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದಲ್ಲ, ಅದರಿಂದ ಕುದಿಯುವ ಮಟ್ಟ ಇನ್ನೂ ಹತ್ತಿಪ್ಪತ್ತು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಆ ಮುಚ್ಚಳವನ್ನು ಬರೀ ಮುಚ್ಚಳ ಅಂತ ನೋಡಬೇಡಿ. ಅದರ ರಬ್ಬರ್ ಬಿರಿದರೆ ಒತ್ತಡ ನಿಲ್ಲುವುದಿಲ್ಲ, ಏಪ್ರಿಲ್ ಬಿಸಿಲಿಗೆ ಗಾಡಿ ಉಕ್ಕುತ್ತದೆ, ಮಿಸ್ತ್ರಿ ಬಂದು ರೇಡಿಯೇಟರ್ ಬದಲಿಸಿ ಅನ್ನುತ್ತಾನೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ರಬ್ಬರ್ ನೋಡಿ. ಬಿರುಕು, ಗಟ್ಟಿಯಾಗಿರುವುದು, ಸುತ್ತ ಬಿಳೀ ಪುಡಿ ಇದ್ದರೆ ಅದೇ ನಂಬರಿನ ಹೊಸದು ತನ್ನಿ. 0.9 ಅಂತಲೋ 1.1 ಅಂತಲೋ ತಲೆಯ ಮೇಲೆ ಬರೆದಿರುತ್ತದೆ. ಬೆಳಿಗ್ಗೆ ನೋಡಿದಾಗ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೂ ಮುಚ್ಚಳದ್ದೇ ದೋಷ, ತಣ್ಣಗಾಗುವಾಗ ಪಕ್ಕದ ಕೂಲಂಟ್ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವ ಒಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿರುತ್ತದೆ.

ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ದಪ್ಪ ಬಟ್ಟೆ ಹಿಡಿದು ತೆಗೆಯುತ್ತೇನೆ ಅನ್ನುವುದೂ ಬೇಡ. ಮುಖ, ಕೈ ಸುಟ್ಟುಕೊಂಡವರು ಬಹಳ ಜನ.

ಈಗ ಫ್ಲಶ್ ಮಾಡುವುದು. ಭಾನುವಾರ ಬೆಳಿಗ್ಗೆ, ರಾತ್ರಿಯೆಲ್ಲಾ ನಿಂತು ತಣ್ಣಗಾದ ಗಾಡಿ. ರೇಡಿಯೇಟರ್ ಕೆಳಗೆ ಅಗಲವಾದ ಟಬ್ ಇಡಿ. ಕೆಳಗೆ ಡ್ರೇನ್ ಪ್ಲಗ್ ಇದ್ದರೆ ಅದನ್ನು ಸಡಿಲಿಸಿ, ಅದು ಹಳೇ ಪ್ಲಾಸ್ಟಿಕ್ ಆಗಿ ಮುರಿಯುವ ಹಾಗೆ ಕಂಡರೆ ಅದರ ಉಸಾಬರಿ ಬಿಟ್ಟು ಪಕ್ಕಡದಿಂದ ಕೆಳಗಿನ ಹೋಸಿನ ಕ್ಲಿಪ್ ಹಿಂದೆ ಸರಿಸಿ ಪೈಪ್ ಎಳೆಯಿರಿ. ವರ್ಷಾನುಗಟ್ಟಲೆ ಕೂತ ಪೈಪ್ ಅಂಟಿಕೊಂಡಿರುತ್ತದೆ, ಜಗ್ಗಬೇಡಿ, ಮೊದಲು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿಕೊಳ್ಳಿ. ಆಮೇಲೆ ಮೇಲಿನ ಮುಚ್ಚಳ ತೆಗೆದರೆ ಸರಕ್ಕನೆ ಇಳಿಯುತ್ತದೆ. ಟಬ್‌ಗೆ ಏನು ಬಿತ್ತು ಅಂತ ನೋಡಿ. ಹಸಿರೋ ನೀಲಿಯೋ ತಿಳಿಯಾಗಿದ್ದರೆ ಅಪ್ಪಾಜಿ ಚೆನ್ನಾಗಿ ನೋಡಿಕೊಂಡಿದ್ದಾರೆ. ಚಹಾದ ಬಣ್ಣವಿದ್ದರೆ ತುಕ್ಕು. ಮೇಲೆ ಎಣ್ಣೆ ತೇಲುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಮಿಸ್ತ್ರಿಗೆ ತೋರಿಸಿ.

ಪೈಪ್ ವಾಪಸ್ ಹಾಕಿ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಬಂಕಿನಲ್ಲಿ ಬ್ಯಾಟರಿ ನೀರು ಅಂತ ಸಿಗುತ್ತದಲ್ಲ, ಅದೇ. ಮೊದಲೆರಡು ಸಲಕ್ಕೆ ಮನೆಯ ಆರ್‌ಒ ನೀರೂ ನಡೆಯುತ್ತದೆ, ಕೊನೆಯ ಸಲ ಮಾತ್ರ ಡಿಸ್ಟಿಲ್ಡ್ ಆಗಲೇಬೇಕು. ಮುಚ್ಚಳ ಹಾಕಿ, ಒಳಗೆ ಹೀಟರ್ ಬಿಸಿಗೆ ತಿರುಗಿಸಿ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ನಿಂತಲ್ಲೇ ಇಂಜಿನ್ ಚಾಲೂ ಇಡಿ. ಪೂರ್ತಿ ತಣ್ಣಗಾಗಲು ಬಿಡಿ. ಇಳಿಸಿ. ನೀರು ತಿಳಿಯಾಗಿ ಬರುವವರೆಗೆ ಇದೇ. ಒಂದು ದಿನದಲ್ಲಿ ಮುಗಿಯದಿದ್ದರೆ ಮುಂದಿನ ಭಾನುವಾರ, ಅವಸರ ಏನಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಎಷ್ಟೇ ಇಳಿಸಿದರೂ ಇಂಜಿನ್ ಬ್ಲಾಕಿನೊಳಗೆ, ಹೀಟರಿನೊಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಅದರ ಮೇಲೆ ಡಬ್ಬಿಯಲ್ಲಿ ಮೊದಲೇ ಬೆರೆಸಿದ ಕೂಲಂಟ್ ಹಾಕಿದರೆ ಅದು ಇನ್ನೂ ತೆಳುವಾಯಿತು. ಹಾಗಾಗಿ ನೀರು ಬೆರೆಸದ ಕಾನ್ಸಂಟ್ರೇಟ್ ತನ್ನಿ. ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ಲೀಟರ್ ಅಂತ ಕೊಟ್ಟಿರುತ್ತಾರೆ. ಅದರ ಅರ್ಧದಷ್ಟು ಕಾನ್ಸಂಟ್ರೇಟ್ ಮೊದಲು ಹಾಕಿ, ಮೇಲೆ ಎಷ್ಟು ಹಿಡಿಯುತ್ತದೋ ಅಷ್ಟು ಡಿಸ್ಟಿಲ್ಡ್ ವಾಟರ್. ಒಳಗೆ ಉಳಿದ ನೀರೂ ಲೆಕ್ಕಕ್ಕೆ ಸೇರಿ ಅರ್ಧಕ್ಕರ್ಧ ಆಗುತ್ತದೆ. ಮುಚ್ಚಳ ತೆರೆದಿಟ್ಟೇ ಗಾಡಿ ಸ್ಟಾರ್ಟ್ ಮಾಡಿ, ಬೆಚ್ಚಗಾಗುವ ಮೊದಲೇ ಮೇಲಿನ ಹೋಸನ್ನು ಕೈಯಲ್ಲಿ ಹಿಚುಕಿ ಹಿಚುಕಿ ಬಿಡಿ, ಗುಳುಗುಳು ಅಂತ ಗಾಳಿ ಗುಳ್ಳೆ ಬರುತ್ತವೆ. ಮಟ್ಟ ಇಳಿದಂತೆ ತುಂಬಿಸಿ, ಮುಚ್ಚಳ ಹಾಕಿ. ಬಾಟಲಿಯಲ್ಲಿ ಲೋ ಮತ್ತು ಫುಲ್ ಗೆರೆಗಳ ನಡುವೆ ಇರಲಿ. ಎರಡು ಮೂರು ದಿನ ಬೆಳಿಗ್ಗೆ ಹೊತ್ತು ಬಾಟಲಿ ನೋಡುತ್ತಿರಿ, ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ.

ಹಳೇ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡಿ. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿ ನಾಯಿ, ಕರು ನೆಕ್ಕಿದರೆ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಕೂಲಂಟನ್ನು ಜ್ಯೂಸ್ ಬಾಟಲಿಗೆ ತುಂಬಿಸಿ ಇಡುವ ಚಾಳಿಯಂತೂ ಬೇಡವೇ ಬೇಡ.

ರೇಡಿಯೇಟರ್ ತೊಳೆಯುವ ರಾಸಾಯನಿಕ ಹಾಕಲೇ ಅಂತ ಕೇಳುತ್ತೀರಿ. ಇಷ್ಟು ಹಳೇ ರೇಡಿಯೇಟರಿಗೆ ನಾನು ಹಾಕುವುದಿಲ್ಲ, ಸಣ್ಣ ತೂತು ಮುಚ್ಚಿಕೊಂಡಿದ್ದ ಸುಣ್ಣವೇ ಕರಗಿ ಸೋರಲು ಶುರುವಾಗುತ್ತದೆ. ಸೋರುವುದಕ್ಕೆ ಅರಿಶಿನ ಪುಡಿ ಹಾಕುವ ಉಪಾಯ ಲಾರಿಯವರಿಂದ ಬಂದದ್ದು. ರಾತ್ರಿ ಕೊಲ್ಹಾರ ಸೇತುವೆ ಹತ್ತಿರ ಒಬ್ಬರೇ ಸಿಕ್ಕಿಬಿದ್ದಾಗ ಊರು ಮುಟ್ಟಲು ಸರಿ, ಮಾರನೇ ದಿನ ಅದೇ ಅರಿಶಿನ ಕೊಳವೆ ಕಟ್ಟಿಸುತ್ತದೆ.

ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು. ಬಿಸಿಯಾಗುವ ಗಾಡಿ ಕಂಡರೆ ನಮ್ಮ ಎಷ್ಟೋ ಮಿಸ್ತ್ರಿಗಳು ಅದನ್ನು ಕಿತ್ತು ಎಸೆದು, ನಮ್ಮ ಬಿಸಿಲಿಗೆ ಇದು ಬೇಡ ಅನ್ನುತ್ತಾರೆ. ಇದು ತಪ್ಪು. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಗಾಡಿಯೊಳಗಿನ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ನಿಮ್ಮದರಲ್ಲಿ ಇದೆಯೋ ಇಲ್ಲವೋ ತಿಳಿಯಲು ಸುಲಭ ದಾರಿಯಿದೆ. ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ ಫ್ಯಾನಿನಿಂದ ದೂರದಲ್ಲಿ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಮುಳ್ಳು ನಡುವಿಗೆ ಬರುವವರೆಗೆ ಪೈಪ್ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ, ಕೆಲಸ ಮಾಡುತ್ತಿದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾದರೆ ಕಿತ್ತಿದ್ದಾರೆ, ಅಥವಾ ತೆರೆದೇ ಅಂಟಿದೆ. ಗಾಡಿ ಪೂರ್ತಿ ಬಿಸಿಯಾದ ಮೇಲೂ ಮೇಲಿನ ಪೈಪ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ. ರೇಡಿಯೇಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು.

ಇಷ್ಟೆಲ್ಲಾ ಮಾಡಿಯೂ ದಾರಿಯಲ್ಲಿ ಮುಳ್ಳು ಏರಿತು ಅಂತಿಟ್ಟುಕೊಳ್ಳಿ. ಎಸಿ ಆಫ್. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರಾಗಿ. ಮೇ ತಿಂಗಳಲ್ಲಿ ಹೀಟರಾ ಅಂತ ನಗಬೇಡಿ, ಅದೂ ಒಂದು ಸಣ್ಣ ರೇಡಿಯೇಟರೇ, ಇಂಜಿನ್ನಿನ ಬಿಸಿ ಎಳೆದು ಒಳಗೆ ಬಿಡುತ್ತದೆ, ನೀವು ಬೆವರಿದರೂ ಇಂಜಿನ್ ಉಳಿಯುತ್ತದೆ. ಬದಿಗೆ ನಿಲ್ಲಿಸಿ ಆಫ್ ಮಾಡಿ ಮುಕ್ಕಾಲು ಗಂಟೆ ಬಿಡಿ. ಯಾರೋ ಬಂದು ಪುಣ್ಯಕ್ಕೆ ಇಂಜಿನ್ ಮೇಲೆ ತಣ್ಣೀರು ಸುರಿಯಲು ಬಂದರೆ ಬೇಡ ಅಂತ ತಡೆಯಿರಿ. ಕಾದ ಅಲ್ಯೂಮಿನಿಯಂ ಹೆಡ್ ಒಮ್ಮೆಲೇ ತಣ್ಣಗಾದರೆ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಆಗ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆಗದ ತೊಂದರೆಗೆ ಬರೋಣ. ಹೇಗೆ ಸತಾಯಿಸುತ್ತದೆ ಅಂತ ನೀವು ಬರೆದಿಲ್ಲ. ಕೀಲಿ ತಿರುಗಿಸಿದಾಗ ಇಂಜಿನ್ ಕುಯ್ಯೋ ಅಂತ ಮೆಲ್ಲಗೆ ತಿರುಗುತ್ತದೆಯೋ, ಇಲ್ಲ ಜೋರಾಗಿ ತಿರುಗಿಯೂ ಹತ್ತಿಕೊಳ್ಳುವುದಿಲ್ಲವೋ? ಮೆಲ್ಲಗೆ ಅಂದರೆ ಬ್ಯಾಟರಿ ಕಡೆ ನೋಡಿ. ಟರ್ಮಿನಲ್ ಮೇಲೆ ಬಿಳೀ-ಹಸಿರು ಪುಡಿ ಕಟ್ಟಿರುತ್ತದೆ. 10 ನಂಬರ್ ಪಾನಾದಿಂದ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಯಾಕೆ ಅಂದರೆ ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚುತ್ತಾ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಪಾನಾ ಕೈ ಸುಡುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೊರೆ ಬರುವುದು ನಿಲ್ಲುವವರೆಗೆ. ಸೋಡಾ ನೀರು ಬ್ಯಾಟರಿ ಒಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಒರೆಸಿ, ಒಣಗಿಸಿ, ಪ್ಲಸ್ ಮೊದಲು ಹಾಕಿ, ಮೈನಸ್ ಕೊನೆಗೆ, ಮೇಲೆ ತೆಳ್ಳಗೆ ವ್ಯಾಸಲಿನ್. ಸಣ್ಣ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ, ಗಾಡಿ ಚಾಲೂ ಇದ್ದಾಗ 13.8ರಿಂದ 14.4ರವರೆಗೆ ಇರಬೇಕು. ಚಾಲೂ ಇದ್ದಾಗಲೂ 12ರಲ್ಲೇ ನಿಂತರೆ ಬ್ಯಾಟರಿಯಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ. ನೀರು ಹಾಕುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಮಟ್ಟ ನೋಡಿ. ಬ್ಯಾಟರಿಗೆ ಚಳಿ ಕಷ್ಟ ಅನ್ನುತ್ತಾರೆ, ನಮ್ಮ ಕಡೆ ಅದನ್ನು ಕೊಲ್ಲುವುದು ಜಳವೇ.

ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಈ ಪರೀಕ್ಷೆ ಮಾಡಿ, ಕಾಸೂ ಬೇಡ, ಪಾನಾವೂ ಬೇಡ. ಬೆಳಿಗ್ಗೆ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಎರಡು ಮೂರು ಸೆಕೆಂಡ್ ಕೇಳಬೇಕು. ಆಫ್ ಮಾಡಿ ಮತ್ತೆ ಆನ್, ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ತಟ್ಟನೆ ಹತ್ತಿಕೊಂಡರೆ ರಾತ್ರಿಯೆಲ್ಲಾ ಪೈಪಿನ ಒತ್ತಡ ಇಳಿದುಹೋಗುತ್ತಿದೆ, ಪಂಪಿನ ವಾಲ್ವ್ ಸೋತಿದೆ ಅಂತ ಅರ್ಥ. ಆಗುವವರೆಗೆ ಹೀಗೇ ನಡೆಸಬಹುದು. ಸದ್ದೇ ಬರದಿದ್ದರೆ ಫ್ಯೂಸ್, ರಿಲೇ. ಸದ್ದೂ ಬಂದು, ಎರಡು ಮೂರು ಸಲ ಮಾಡಿಯೂ ಹತ್ತದಿದ್ದರೆ ಪ್ಲಗ್.

ಆಲ್ಟೊದ 796 ಸಿಸಿ ಇಂಜಿನ್ನಿಗೆ ಮೂರೇ ಸಿಲಿಂಡರ್, ಮೂರೇ ಪ್ಲಗ್. ತಣ್ಣಗಿನ ಇಂಜಿನ್ನಿನಲ್ಲಿ ಒಂದೊಂದಾಗಿ ಬಿಚ್ಚಿ, ಬಿಚ್ಚುವ ಮೊದಲು ಸುತ್ತಲಿನ ಧೂಳು ಊದಿ, ಇಲ್ಲದಿದ್ದರೆ ಎಲ್ಲಾ ಸಿಲಿಂಡರಿಗೆ ಬೀಳುತ್ತದೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ, ಏರ್ ಫಿಲ್ಟರ್ ನೋಡಿ. ಎಣ್ಣೆ ಪಸೆ ಇದ್ದರೆ ಇಂಜಿನ್ ಆಯಿಲ್ ಒಳಗೆ ಬರುತ್ತಿದೆ. ಹೊಸದು ಹಾಕುವಾಗ ಮೊದಲು ಪೂರ್ತಿ ಬೆರಳಿನಿಂದಲೇ ತಿರುಗಿಸಿ ಒಳಗೆ ಇಳಿಸಿ, ಪಾನಾ ಕೊನೆಯ ಬಿಗಿಗೆ ಮಾತ್ರ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಒಮ್ಮೆ ಹೋದರೆ ಆ ಖರ್ಚು ಬೇರೆಯೇ.

ಏರ್ ಫಿಲ್ಟರನ್ನು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ಬದಲಿಸಿ, ನಮ್ಮ ರಸ್ತೆಗೆ ಆ ಲೆಕ್ಕ ಸಾಲದು. ಅದು ಕಾಗದದ್ದು, ನೀರಿನಲ್ಲಿ ತೊಳೆಯಬೇಡಿ. ನೆಲಕ್ಕೆ ಮೆಲ್ಲಗೆ ಬಡಿದು ಧೂಳು ಉದುರಿಸಿದರೆ ಒಂದೆರಡು ತಿಂಗಳು ತಳ್ಳುತ್ತದೆ. ಇಂಜಿನ್ ಆಯಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮ್ಯಾನುಯಲ್‌ನಲ್ಲಿರುವ ಗ್ರೇಡ್ ಹಾಕಿ, ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಎರಡು ಗುರುತಿನ ನಡುವೆ ಇದೆಯೇ ನೋಡಿ. ಬಣ್ಣ ಕಪ್ಪಾಯಿತು ಅಂತ ಗಾಬರಿ ಬೇಡ, ಕೊಳೆ ಹೊತ್ತುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಗಾಬರಿ ಪಡಿ, ನೀರು ಸೇರುತ್ತಿದೆ.

ಟೈರ್ ವಿಷಯದಲ್ಲಿ ನಮ್ಮ ಊರುಗಳಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಬರ್ಸ್ಟ್ ಆಗುತ್ತದೆ. ಪೂರ್ತಿ ಉಲ್ಟಾ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ, ಒಡೆಯುವುದು ಅದಕ್ಕೇ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ, ಸ್ಟಿಕ್ಕರಿನಲ್ಲೋ ಮ್ಯಾನುಯಲ್‌ನಲ್ಲೋ ಬರೆದಷ್ಟೇ ಹಾಕಿ, ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಇನ್ನೊಂದು, ನಿಮ್ಮದು ಕಡಿಮೆ ಓಡಿದ ಗಾಡಿ, ಟೈರಿನ ಗುಂಡಿ ಇನ್ನೂ ಚೆನ್ನಾಗಿರಬಹುದು, ಆದರೆ ವಯಸ್ಸಾಗಿರುತ್ತದೆ. ಪಕ್ಕೆಯ ಮೇಲೆ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿ ಪಕ್ಕೆಯಲ್ಲಿ ಸಣ್ಣ ಬಿರುಕು ಕಾಣುತ್ತಿದ್ದರೆ ಬದಲಿಸಿ, ದಿನಾ ಹೈವೇ ಓಡುವವರು ಇದರಲ್ಲಿ ಕಂಜೂಸಿ ಮಾಡಬಾರದು. ಸ್ಟೆಪ್ನಿಯನ್ನೂ ನೋಡಿ, ಅದು ಗಾಡಿ ಬಂದಾಗಿನದ್ದೇ ಇರುತ್ತದೆ.

ರಬ್ಬರಿನ ಸಾಮಾನೆಲ್ಲಾ ಬಿಸಿಲಿಗೆ ಒಣಗುತ್ತದೆ. ಬೆಳಗಾವಿ, ಖಾನಾಪುರ ಕಡೆಯವರಿಗೆ ಮಳೆಯಿಂದ ತಳದ ತುಕ್ಕು ದೊಡ್ಡ ಚಿಂತೆ, ನಿಮಗೆ ರಬ್ಬರ್. ಫ್ಯಾನ್ ಬೆಲ್ಟ್ (ಹೆಸರಿಗಷ್ಟೇ, ತಿರುಗಿಸುವುದು ಆಲ್ಟರ್ನೇಟರನ್ನು) ಬಿರುಕು ಬಿಟ್ಟಿದೆಯೇ, ಹೋಸ್ ಪೈಪ್ ಹಿಚುಕಿದರೆ ಕರುಂ ಅನ್ನುತ್ತದೆಯೇ, ಮುಂದಿನ ಚಕ್ರದ ಒಳಗೆ ಡ್ರೈವ್ ಶಾಫ್ಟಿನ ಬೂಟ್ ಹರಿದು ಗ್ರೀಸ್ ಸಿಡಿದಿದೆಯೇ ನೋಡಿ. ಪೆಟ್ರೋಲ್ ಪೈಪುಗಳನ್ನು ಮಾತ್ರ ಮಿಸ್ತ್ರಿ ಕೈಯಲ್ಲಿ ಒಮ್ಮೆ ಪೂರ್ತಿ ನೋಡಿಸಿ, ಬೇಕಾದರೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮದೇ ಕಬ್ಬಿನಿಂದ ಬಂದದ್ದು ಅಂತ ಖುಷಿ ಪಡೋಣ, ಆದರೆ 2011ರ ಗಾಡಿಯ ರಬ್ಬರ್ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದಲ್ಲ. ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ತೋರಿಸಿ, ನಾಳೆ ನೋಡೋಣ ಅನ್ನಬೇಡಿ.

ನೀವು ಕೈ ಹಾಕಬಾರದ್ದೂ ಇದೆ. ಬ್ರೇಕ್ ಬಿಚ್ಚುವುದು ಬೇಡ. ಬ್ರೇಕ್ ಆಯಿಲಿನ ಮಟ್ಟ ನೋಡಿ ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಗ್ಯಾರೇಜಿಗೆ ಹೇಳಿ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎಸಿ ಗ್ಯಾಸ್ ಬೇಡ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗುವುದಂತೂ ಬೇಡವೇ ಬೇಡ. ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಕೂಡ ಮಿಸ್ತ್ರಿ ಕೆಲಸ. ಅಪ್ಪಾಜಿ ಅದನ್ನು ಯಾವಾಗ ಹಾಕಿಸಿದ್ದರು ಅಂತ ಬಿಲ್ಲು ಹುಡುಕಿ. ಸಿಗದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿದು ಹಾಕಿಸಿ, ಲಕ್ಷ ಕಿ.ಮೀ. ಹತ್ತಿರ ಬಂದಿದ್ದೀರಿ. ಆಗಲೇ ವಾಟರ್ ಪಂಪನ್ನೂ ನೋಡಿಸಿ, ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ನಿಮ್ಮ ಗಾಡಿಗೆ ನಾನು ದುಡ್ಡು ಹಾಕು ಅನ್ನುವುದು ಇದೊಂದಕ್ಕೇ.

ಇಷ್ಟಾದ ಮೇಲೂ ಯಾರಾದರೂ ಇಂಜಿನ್ ಬಿಚ್ಚಬೇಕು ಅಂದರೆ, ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅಳೆಯುವುದು) ಮಾಡಿ ಮೂರೂ ಸಿಲಿಂಡರಿನ ಅಂಕಿ ಬರೆದುಕೊಡಿ ಅನ್ನಿ. ಮೂರೂ ಹತ್ತಿರ ಹತ್ತಿರ ಇದ್ದು, ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲದೆ, ಆಯಿಲ್ ಹಾಲಾಗದೆ, ಸೈಲೆನ್ಸರಿನಲ್ಲಿ ಬಿಡದೆ ಬಿಳೀ ಹೊಗೆ ಬರದೆ ಇದ್ದರೆ ಬಿಚ್ಚುವುದು ಯಾತಕ್ಕೆ ಅಂತ ಕೇಳಿ. ಟೆಸ್ಟ್ ಮಾಡುವ ಗೇಜ್ ಇಲ್ಲ ಅಂದವರ ಕೈಗೆ ಇಂಜಿನ್ ಕೊಡಬೇಡಿ.

ಕೊನೆಗೆ ಆರ್‌ಸಿ. ನಿಮ್ಮ ಗಾಡಿ ನೋಂದಣಿಯಾಗಿ 15 ವರ್ಷಕ್ಕೆ ಆರ್‌ಸಿ ಅವಧಿ ಮುಗಿಯುತ್ತದೆ, ತಾರೀಖು ಆರ್‌ಸಿಯಲ್ಲೇ ಇದೆ. ಅದಕ್ಕೆ ಮೊದಲೇ ಫಾರ್ಮ್ 25 ಕೊಟ್ಟು ಆರ್‌ಟಿಒದಲ್ಲಿ ಗಾಡಿ ತೋರಿಸಿದರೆ ಐದು ವರ್ಷಕ್ಕೆ ನವೀಕರಿಸಿ ಕೊಡುತ್ತಾರೆ. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 5,000 ರೂಪಾಯಿ ಆಗಿದೆ, ಬೇರೆ ತೆರಿಗೆ ಅದರ ಮೇಲೆ. ಗಾಡಿ ಇನ್ನೂ ಅಪ್ಪಾಜಿ ಹೆಸರಿನಲ್ಲಿದ್ದರೆ ಹೆಸರು ಬದಲಾವಣೆಯ ಬಗ್ಗೆಯೂ ಆಗಲೇ ಕೇಳಿಕೊಳ್ಳಿ. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಹೋಗುವ ಹಿಂದಿನ ದಿನ ಲೈಟು, ಹಾರ್ನ್, ವೈಪರ್ ಎಲ್ಲಾ ನೋಡಿ, ಚಾಸಿ ನಂಬರ್ ಇರುವ ಜಾಗವನ್ನು ಬಟ್ಟೆಯಿಂದ ಒರೆಸಿಡಿ, ಧೂಳು ಕೂತು ಓದಲು ಬರದೆ ವಾಪಸ್ ಕಳಿಸಿದ್ದೂ ಉಂಟು. ಹೊಸ ಮಾದರಿಯ ಸುರಕ್ಷತಾ ನಂಬರ್ ಪ್ಲೇಟ್ ಇನ್ನೂ ಹಾಕಿಸಿಲ್ಲವಾದರೆ ಅದನ್ನು ಮೊದಲು ಹಾಕಿಸಿಕೊಂಡೇ ಹೋಗಿ.